ಬೀಗರ ಭಾಷೆ

ಮೂವತ್ತೊಂದು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತವನಿಗೆ ನಿವೃತ್ತಿ ಕೊಡಬಹುದು, ಅವನ ಗಂಟಲಿಗೆ ಕೊಡಲು ಯಾರಿಂದಲೂ ಆಗುವುದಿಲ್ಲ. ಯಾವ ಗಾಡಿ ಎಷ್ಟು ತಡ, ಯಾವುದು ಎಲ್ಲಿ ಬಂದು ನಿಲ್ಲುತ್ತದೆ ಎಂದು ಹೇಳಿ ಹೇಳಿ ಅವನ ದನಿ ದಿನಾ ತಿಕ್ಕಿದ ಹಿತ್ತಾಳೆಯ ಹಾಗೆ ಹೊಳಪಿಗೆ ಬಂದಿತ್ತು. ಜನ ಅವನ ನಿಜವಾದ ಹೆಸರು ಮರೆತು ಮೈಕಣ್ಣ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅವನಿಗೆ ಬೇಸರವೇನೂ ಇರಲಿಲ್ಲ, ಒಳಗೊಳಗೆ ಖುಷಿಯೇ. ಸ್ನಾನಕ್ಕೆ ನೀರು ಕಾದರೆ ನಡುಮನೆಯಲ್ಲಿ ನಿಂತು, "ಬಿಸಿನೀರು ಸಿದ್ಧವಾಗಿದೆ" ಎಂದು ಸಾರುತ್ತಿದ್ದ. ಒಳಗಿನಿಂದ ಹೆಂಡತಿ, "ಎಷ್ಟನೇ ಪ್ಲಾಟ್‌ಫಾರ್ಮು?" ಎಂದು ಕೇಳುತ್ತಿದ್ದಳು.

ಆ ದನಿಗೆ ವರ್ಷಕ್ಕೊಮ್ಮೆ ಒಂದು ದೊಡ್ಡ ದಿನ ಬರುತ್ತಿತ್ತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲದಲ್ಲಿ ಕೊನೆಯ ಭಾನುವಾರದ ಸಂಜೆ ಚರ್ಚಿನಲ್ಲಿ ಏಳು ವಾಚನಗಳ ಪ್ರಾರ್ಥನೆ ಇರುತ್ತಿತ್ತು. ಏಳು ಜನ, ಏಳು ಭಾಗ. ದೇವರ ಮಾತೇ ಮನುಷ್ಯನಾಗಿ ಹುಟ್ಟಿ ನಮ್ಮ ನಡುವೆ ಮನೆ ಮಾಡಿದ ಸಂಗತಿ ಹೇಳುವ ಏಳನೆಯ ಭಾಗ ಹತ್ತೊಂಬತ್ತು ವರ್ಷಗಳಿಂದ ಮೈಕಣ್ಣನದು. ಅವನು ಮೆಟ್ಟಿಲು ಹತ್ತಿ ನಿಂತು ಮೀಸೆ ತೀಡಿಕೊಂಡು, ಮೈಕನ್ನು ಒಂದಿಷ್ಟು ದೂರ ಸರಿಸಿ ಶುರುಮಾಡಿದರೆ ಕೆಮ್ಮುವವರೂ ಕೆಮ್ಮು ನುಂಗಿಕೊಳ್ಳುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಯಾರಾದರೂ, "ಮೈಕಣ್ಣ, ಮೈ ಜುಮ್ಮೆಂದಿತು" ಎನ್ನುತ್ತಿದ್ದರು. "ಏನೋ, ದೇವರು ಕೊಟ್ಟದ್ದು" ಎಂದು ಇವನು ತಲೆ ಬಗ್ಗಿಸುತ್ತಿದ್ದ. ಹಾಗೆ ತಲೆ ಬಗ್ಗಿಸುವುದರಲ್ಲೂ ಅವನಿಗೆ ಹತ್ತೊಂಬತ್ತು ವರ್ಷದ ಅಭ್ಯಾಸವಿತ್ತು.

ಆ ವರ್ಷ ಆಗಮನ ಕಾಲ ಶುರುವಾಗುವ ವಾರ ಮನೆಗೆ ಬೀಗರು ಬಂದರು.

ಬೀಗರು ಎಂದರೆ ಸೊಸೆಯ ತಂದೆ. ಆರು ಗಂಟೆ ಪ್ರಯಾಣದ ಇನ್ನೊಂದು ಊರಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುವವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಅಂಗಡಿ, ಮನೆ ಎರಡೂ ಇದ್ದ ಕಟ್ಟಡದ ಛಾವಣಿ ಬಿಚ್ಚಿ ಹೊಸದು ಹಾಕುವ ಕೆಲಸ ನಡೆದಿತ್ತು. ಕ್ರಿಸ್ಮಸ್ ಮುಗಿಯುವ ತನಕ ಮಗಳ ಮನೆಯಲ್ಲಿ ಇರಲಿ ಎಂದು ಎಲ್ಲರೂ ಒಪ್ಪಿದ್ದರು. ಅವರಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಮಾತು ಏನಿದ್ದರೂ ಕೈಯಲ್ಲಿ.

ಮಗನ ಮದುವೆಯಾಗಿ ಎರಡು ವರ್ಷವಾಗಿದ್ದರೂ ಮೈಕಣ್ಣ ಬೀಗರನ್ನು ಕಂಡದ್ದು ಮೂರೇ ಸಲ. ಮೂರು ಸಲವೂ ಪಕ್ಕದಲ್ಲಿ ಸೊಸೆ ನಿಂತು ಅವರ ಕೈಯನ್ನು ಇವರ ಕಿವಿಗೆ, ಇವರ ಬಾಯನ್ನು ಅವರ ಕಣ್ಣಿಗೆ ದಾಟಿಸಿದ್ದಳು. ಈಗ ಹಾಗಾಗುವಂತಿರಲಿಲ್ಲ. ಸೊಸೆಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಬೆಳಗ್ಗೆ ಹೋದರೆ ಸಂಜೆಯೇ ಬರುವುದು. ಮಗ ಸರಕು ಹಡಗಿನಲ್ಲಿದ್ದ. ಅವನು ಬರುವುದು ಬೇಸಗೆಗೆ. ಹಗಲೆಲ್ಲ ಮನೆಯಲ್ಲಿ ಉಳಿದವರು ಮೈಕಣ್ಣ, ಅವನ ಹೆಂಡತಿ ಮತ್ತು ಬೀಗರು.

ಮೊದಲ ದಿನ ಮೈಕಣ್ಣ ಗಟ್ಟಿಯಾಗಿ ಮಾತಾಡಿದ. ಎರಡನೆಯ ದಿನ ಇನ್ನೂ ಗಟ್ಟಿಯಾಗಿ. ಮೂರನೆಯ ದಿನ ಅವನು, "ಬೀಗರೇ, ನಿದ್ದೆ ಚೆನ್ನಾಗಿ ಬಂತಾ?" ಎಂದು ಕೇಳಿದ್ದಕ್ಕೆ ಎದುರು ಮನೆಯ ಮುದುಕಿ ಕಿಟಕಿ ತೆರೆದು, "ಬಂದಿತ್ತು ಕಣಪ್ಪ, ಈಗ ಹೋಯ್ತು" ಎಂದಳು. ಬೀಗರು ಮಾತ್ರ ನಗುತ್ತ ಕೂತಿದ್ದರು. ತೆಳ್ಳನೆಯ ದೇಹ, ಅಂಟಿನ ಕಲೆ ಉಳಿದ ಬೆರಳುಗಳು, ಎದುರಿನವರ ಮುಖ ಬಿಟ್ಟು ಕದಲದ ಕಣ್ಣು.

ಅವನಿಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಅವನ ಹೆಂಡತಿಗೂ ಬೀಗರಿಗೂ ಎರಡೇ ದಿನದಲ್ಲಿ ಹೊಂದಿಕೆಯಾಗಿಬಿಟ್ಟಿತ್ತು. ಅಡುಗೆಮನೆಯಲ್ಲಿ ಅವಳು ಚಾಕು ತೋರಿಸುವುದು, ಅವರು ತರಕಾರಿ ಹೆಚ್ಚುವುದು, ಅವಳು ಬೆರಳಲ್ಲಿ ಏನೋ ಕೇಳುವುದು, ಅವರು ಹುಬ್ಬಿನಲ್ಲೇ ಏನೋ ಹೇಳುವುದು, ಆಮೇಲೆ ಇಬ್ಬರೂ ಬಿದ್ದುಬಿದ್ದು ನಗುವುದು. ಮೈಕಣ್ಣ ಬಾಗಿಲಲ್ಲಿ ನಿಂತು, "ಏನಂತೆ? ಏನಂತೆ?" ಎಂದು ಕೇಳುತ್ತಿದ್ದ.

"ಏನಿಲ್ಲ ಬಿಡಿ," ಎನ್ನುತ್ತಿದ್ದಳು ಹೆಂಡತಿ ಕಣ್ಣೊರೆಸಿಕೊಂಡು. "ಹೇಳೋಕೆ ಹೋದ್ರೆ ಅಷ್ಟು ನಗು ಬರಲ್ಲ."

ಆಗಮನ ಕಾಲದ ಮೊದಲ ಭಾನುವಾರ ಮೈಕಣ್ಣನದೇ ವಾಚನ. ಬೀಗರು ಮುಂದಿನ ಬೆಂಚಿನಲ್ಲಿ ಮಗಳ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತು ಓದು ಮುಗಿಯುವ ತನಕ ಇವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಇವನಿಗೆ ಹುಮ್ಮಸ್ಸು ಬಂದು ದನಿ ಒಂದು ಪಟ್ಟು ಏರಿತು. ಅದೇ ಹುಮ್ಮಸ್ಸಿನಲ್ಲಿ ಹಾಳೆ ತಿರುಗಿಸಿದಾಗ ಚರ್ಚಿನ ಹಳೆಯ ದೊಡ್ಡ ಬೈಬಲಿನ ಬೆನ್ನು ಲಟಕ್ಕೆಂದಿತು. ಒಂದು ಕಂತೆ ಹಾಳೆ ಜಾರಿ, ಮೆಟ್ಟಿಲ ಮೇಲೆ ಹರಡಿ, ಎರಡು ಹಾಳೆ, ವಾರಕ್ಕೊಂದರಂತೆ ಹಚ್ಚುವ ನಾಲ್ಕರಲ್ಲಿ ಮೊದಲ ಮೇಣದಬತ್ತಿಯ ಹತ್ತಿರಕ್ಕೇ ಹಾರಿದವು. ಫಾದರ್ ಓಡಿಬಂದು ಬತ್ತಿಯನ್ನು ಕೈಯಲ್ಲಿ ಮರೆಮಾಡಿದರು. ಅಷ್ಟರಲ್ಲಿ ಬೀಗರು ಎದ್ದು ಬಂದಿದ್ದರು. ಮೊಣಕಾಲೂರಿ ಹಾಳೆಗಳನ್ನೆಲ್ಲ ಆಯ್ದು ಅನುಕ್ರಮ ನೋಡಿ ಜೋಡಿಸಿದರು. ಪುಸ್ತಕದ ಬೆನ್ನಿನ ಮೇಲೆ ಹೆಬ್ಬೆರಳು ಸವರಿ ನೋಡಿ ಮಗಳ ಕಡೆ ತಿರುಗಿ ಕೈಯಾಡಿಸಿದರು.

"ಹೊಲಿಗೆ ಸತ್ತು ಹೋಗಿದೆಯಂತೆ," ಎಂದಳು ಸೊಸೆ ಫಾದರಿಗೆ. "ಮನೆಗೆ ಕೊಟ್ರೆ ಮೂರು ವಾರದಲ್ಲಿ ಹೊಸದು ಮಾಡಿ ಕೊಡ್ತಾರಂತೆ."

ಫಾದರ್ ಕೈಮುಗಿದು ಕೊಟ್ಟುಬಿಟ್ಟರು.

ಮನೆಗೆ ಬರುವ ದಾರಿಯಲ್ಲಿ ಮೈಕಣ್ಣ ಸೊಸೆಯ ಹತ್ತಿರ ಸರಿದು ಮೆಲ್ಲಗೆ ಕೇಳಿದ. "ನಿಮ್ಮಪ್ಪ ಅಷ್ಟು ಹೊತ್ತು ನನ್ನನ್ನೇ ನೋಡ್ತಿದ್ರಲ್ಲಮ್ಮ. ಓದಿದ್ದು ಹೇಗನ್ನಿಸಿತಂತೆ?"

ಸೊಸೆ ಕೇಳಿದಳು. ಬೀಗರ ಕೈ ಉತ್ತರ ಹೇಳಿತು. ಅವಳು ತುಟಿ ಕಚ್ಚಿಕೊಂಡಳು.

"ಹೇಳು, ಪರವಾಗಿಲ್ಲ."

"ಮಾವ, ತಪ್ಪು ತಿಳ್ಕೋಬೇಡಿ. ನಿಮ್ಮ ತುಟಿ ನೋಡಿ ಒಂದೆರಡು ಪದ ಹಿಡಿಯೋಣ ಅಂತ ನೋಡಿದ್ರಂತೆ. ಮೀಸೆ ಅಡ್ಡ ಬಂತಂತೆ. ಆದ್ರೆ ಮೀಸೆ ತುಂಬಾ ಚೆನ್ನಾಗಿದೆ, ಬಲಗಡೆ ಸ್ವಲ್ಪ ಜಾಸ್ತಿ ಕುಣಿಯುತ್ತೆ ಅಂದ್ರು."

ಹೆಂಡತಿ ಬೀದಿಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀಗರು ಮೂಗಿನ ಕೆಳಗೆ ಎರಡು ಬೆರಳು ತಿರುವಿ ತೋರಿಸಿದರು. ಅವತ್ತಿನಿಂದ ಅವರ ಭಾಷೆಯಲ್ಲಿ ಮೈಕಣ್ಣನಿಗೆ ಅದೇ ಹೆಸರಾಯಿತು. ಮೂವತ್ತೊಂದು ವರ್ಷದ ಗಂಟಲು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಅವನು ಅವತ್ತು ಊಟದ ಹೊತ್ತಿನಲ್ಲಿ ಮಾತಾಡಲಿಲ್ಲ. ಮುನಿಸಿಕೊಂಡಿದ್ದಾನೆ ಎಂದು ಹೆಂಡತಿಗೆ ಗೊತ್ತಾಯಿತು, ಅವಳು ಕೇಳಲಿಲ್ಲ. ನಿಜವಾಗಿ ಅವನು ಮುನಿಸಿಗಿಂತ ಗಾಬರಿಯಲ್ಲಿದ್ದ. ಮೇಜಿನ ಸುತ್ತ ಮೂರು ಜನರ ಕೈಗಳು ಆಡುತ್ತಿದ್ದವು. ಸೊಸೆ ಏನೋ ಆಸ್ಪತ್ರೆಯ ವಿಷಯ ಹೇಳಿದಳು, ಹೆಂಡತಿ ಅರ್ಧಂಬರ್ಧ ಕೈಯಲ್ಲಿ ಏನೋ ಸೇರಿಸಿದಳು, ಬೀಗರು ತಲೆಯಾಡಿಸಿ ನಕ್ಕರು. ಆ ಮೇಜಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ ಪಿಳಿಪಿಳಿ ನೋಡುತ್ತಿದ್ದವನು ಅವನೊಬ್ಬನೇ.

ಮರುದಿನ ಬೆಳಗ್ಗೆ ಬೀಗರು ಊಟದ ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ ಬೈಬಲನ್ನು ಇಟ್ಟು, ಚಾಕು ತೆಗೆದುಕೊಂಡು ರಟ್ಟುಗಳನ್ನು ಸರಕ್ಕನೆ ಕಿತ್ತರು. ಮೈಕಣ್ಣ ಹೌಹಾರಿದ. "ಅಯ್ಯೋ, ಅಯ್ಯೋ, ಬೀಗರೇ!" ಎಂದು ಎರಡೂ ಕೈ ಚಾಚಿದ. ಬೀಗರು ಅವನ ಕೈಗಳನ್ನು ನೋಡಿದರು. ಆಮೇಲೆ, ಸರಿ, ಕೈ ಖಾಲಿ ಇದೆಯಲ್ಲ ಎನ್ನುವ ಹಾಗೆ ಒಂದು ಕಂತೆ ಹಾಳೆ ಅವುಗಳಲ್ಲಿ ಇಟ್ಟು, ಬೆನ್ನಿಗೆ ಅಂಟಿದ ಹಳೆಯ ಗೋಂದನ್ನು ಉಗುರಿನಿಂದ ಕೆರೆದು ತೆಗೆಯುವುದು ಹೇಗೆಂದು ತೋರಿಸಿದರು.

ಹಾಗೆ ಅವನು ಕೆಲಸಕ್ಕೆ ಸೇರಿಕೊಂಡ.

ಪುಸ್ತಕ ಬಿಚ್ಚುವುದು ಒಂದು ವಾರ ಹಿಡಿಯಿತು. ಹದಿನಾರು ಪುಟಕ್ಕೆ ಒಂದು ಫಾರಂ. ಒಂದೊಂದು ಫಾರಮ್ಮನ್ನೂ ಬಿಡಿಸಿ, ಗೋಂದು ಕೆರೆದು, ಮಡಿಕೆಯಲ್ಲಿ ಹರಿದಲ್ಲಿ ತೆಳು ಕಾಗದದ ಪಟ್ಟಿ ಅಂಟಿಸಿ, ಮೂಳೆಯ ಪಟ್ಟಿಯಿಂದ ತೀಡಿ, ಒಣಗಲು ಇಡಬೇಕು. ಮೇಲೆ ಭಾರಕ್ಕೆ ಇಸ್ತ್ರಿ ಪೆಟ್ಟಿಗೆ, ಮಗನ ಹಳೆಯ ಸೂಟ್‌ಕೇಸು, ಅದರ ಮೇಲೆ ಹೊಲಿಗೆ ಯಂತ್ರ. ಮೈಕಣ್ಣನ ಕೈ ಒರಟು. ಎರಡು ಹಾಳೆ ಹರಿದ. ಬೀಗರು ಅವನ ಮೊಣಕೈಗೆ ಚಪ್ಪೆಂದು ಒಂದು ಏಟು ಕೊಟ್ಟು, ಹರಿದದ್ದಕ್ಕೆ ಅವನಿಂದಲೇ ಅಂಟು ಹಾಕಿಸಿದರು. ಅವನಿಗೆ ಹೊಡೆಯುವ ಧೈರ್ಯ ಮಾಡಿದವರು ಶಾಲೆ ಬಿಟ್ಟ ಮೇಲೆ ಇವರೇ ಮೊದಲು.

ಕೆಲಸಕ್ಕೆ ಮಾತು ಬೇಕೇಬೇಕಲ್ಲ. ಹಾಗೆ ಒಂದೊಂದಾಗಿ ಕಲಿತ. ದಾರ. ಸೂಜಿ. ನೀರು. ಸಾಕು. ಇನ್ನೊಂದು. ನಿಧಾನ. ನಿಧಾನ ಎನ್ನುವುದನ್ನು ಬೀಗರು ದಿನಕ್ಕೆ ನೂರು ಸಲ ಹೇಳುತ್ತಿದ್ದರು, ಹಾಗಾಗಿ ಅದು ಮೊದಲು ಬಂತು. ಸಂಜೆ ಸೊಸೆ ಬಂದ ಕೂಡಲೇ ಅವನು ಬಾಗಿಲಲ್ಲೇ ನಿಂತು ಕಲಿತದ್ದನ್ನು ಒಪ್ಪಿಸುತ್ತಿದ್ದ.

"ಮಾವ, ಇದು 'ನೀರು' ಅಲ್ಲ. 'ಹಲ್ಲುನೋವು' ಅಂದ ಹಾಗಾಯ್ತು."

"ಅದಕ್ಕೇ ನಾನು ಮಧ್ಯಾಹ್ನ ನೀರು ಕೇಳಿದ್ರೆ ನಿಮ್ಮಪ್ಪ ಬಾಯಿ ಬಿಡಿಸಿ ನೋಡಿದ್ದು!"

ಎರಡನೆಯ ಮೇಣದಬತ್ತಿ ಹಚ್ಚುವ ಭಾನುವಾರಕ್ಕೆ ಒಂದು ದಿನ ಮುಂಚೆ ಅವನು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಬಂದಾಗ ಮೀಸೆ ಇರಲಿಲ್ಲ. ಹೆಂಡತಿ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತುಬಿಟ್ಟಳು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅವಳು ಆ ಜಾಗ ನೋಡಿರಲಿಲ್ಲ.

"ಇದೇನ್ರೀ, ನಿಮಗೂ ಮೇಲ್ತುಟಿ ಅಂತ ಒಂದಿತ್ತಾ?"

"ಬೀಗರಿಗೆ ಅಡ್ಡ ಬರ್ತಿತ್ತಲ್ಲ" ಎಂದ ಅವನು ಗೋಡೆ ನೋಡುತ್ತ. ಅವನಿಗೆ ಬೀದಿಯಲ್ಲಿ ಅಂಗಿಯಿಲ್ಲದೆ ನಿಂತ ಹಾಗೆ ಆಗುತ್ತಿತ್ತು. ಬೀಗರು ಹತ್ತಿರ ಬಂದರು, ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹರಿದು ಅಂಟಿಸಿದ ಹಾಳೆ ಪರೀಕ್ಷೆ ಮಾಡುವ ಹಾಗೆ ನೋಡಿದರು. ಆಮೇಲೆ ಅವನನ್ನು ತಬ್ಬಿಕೊಂಡರು. ಚರ್ಚಿನಲ್ಲಿ ಮರುದಿನ ಅರ್ಧ ಜನ ಅವನನ್ನು ಗುರುತೇ ಹಿಡಿಯಲಿಲ್ಲ. ಫಾದರ್ ಕೊಟ್ಟ ಸಣ್ಣ ಬೈಬಲ್ ಹಿಡಿದು ಓದಲು ಬಾಯಿ ತೆರೆದ ಮೇಲೆ, ಓಹೋ ಇವನಾ ಎಂದುಕೊಂಡರು.

ಎರಡನೆಯ ವಾರ ಹೊಲಿಗೆ ಶುರುವಾಯಿತು. ದಾರಕ್ಕೆ ಮೇಣ ಸವರಿ, ಫಾರಮ್ಮಿನ ಮಡಿಕೆಯ ಒಳಗಿಂದ ಸೂಜಿ ಹೊರಗೆ, ಹೊರಗಿಂದ ಒಳಗೆ, ಕೊನೆಯಲ್ಲಿ ಕೆಳಗಿನ ಫಾರಮ್ಮಿಗೆ ಒಂದು ಗಂಟು. ಬೀಗರು ಹೊಲಿಯುವುದು, ಮೈಕಣ್ಣ ಮುಂದಿನ ಫಾರಂ ತೆರೆದು ಹಿಡಿಯುವುದು. ಒಂದು ಮಧ್ಯಾಹ್ನ ಅವನಿಗೆ ತನ್ನ ಕಥೆ ಹೇಳಬೇಕು ಎನ್ನಿಸಿತು. ಅವನ ಬಳಿ ಅಂಥದ್ದೊಂದು ಇತ್ತು. ಹಳಿಗಳು ನೀರಿನಲ್ಲಿ ಮುಳುಗಿದ ಒಂದು ವರ್ಷ, ನಿಲ್ದಾಣದಲ್ಲಿ ಸಾವಿರಾರು ಜನ ಸಿಕ್ಕಿಹಾಕಿಕೊಂಡಿದ್ದಾಗ ಅವನು ಹದಿನೆಂಟು ಗಂಟೆ ಮೈಕು ಬಿಡದೆ ಕೂತು, ಕಳೆದುಹೋದ ಮಕ್ಕಳ ಗುರುತು ಹೇಳಿ, ದಿಗಿಲುಬಿದ್ದವರನ್ನು ಸಮಾಧಾನ ಮಾಡಿ, ಎಲ್ಲರನ್ನೂ ಒಂದೇ ದನಿಯಲ್ಲಿ ಹಿಡಿದಿಟ್ಟಿದ್ದ. ಆ ಕಥೆಯನ್ನು ಅವನು ಹೇಳಿದರೆ ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು.

ಅವನು ಬೀಗರ ತೋಳು ಮುಟ್ಟಿದ. ಅವರು ಸೂಜಿ ಕೆಳಗಿಟ್ಟು ನೋಡಿದರು. ಇವನು ಕೈ ಎತ್ತಿದ.

ರೈಲು, ಎಂದ. ನಾನು. ನೀರು. ಜನ, ತುಂಬ. ನಾನು.

ಅಲ್ಲಿಗೆ ಮುಗಿಯಿತು. ಮುಂದಿನ ಪದ ಅವನ ಹತ್ತಿರ ಇರಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿದ. ರೈಲು. ನಾನು. ನೀರು. ಬೆರಳುಗಳು ಮರದ ಕಡ್ಡಿಗಳ ಹಾಗೆ ಗಾಳಿಯಲ್ಲಿ ನಿಂತವು. ಎರಡು ವರ್ಷದ ಮಗುವೂ ಇದಕ್ಕಿಂತ ಚೆನ್ನಾಗಿ ಹೇಳೀತು ಎಂದುಕೊಂಡ. ಬೀಗರು ಆತುರಪಡಲಿಲ್ಲ. ಮುಖ ಅತ್ತ ತಿರುಗಿಸಲಿಲ್ಲ, ಬಲ್ಲೆ ಎಂದು ತಲೆಯಾಡಿಸಿ ಸುಳ್ಳೂ ಹೇಳಲಿಲ್ಲ. ಹಾಗೇ ಕಾಯುತ್ತ ಕೂತರು.

ಮೈಕಣ್ಣ ನಾಚಿಕೆಯಿಂದ ಕಣ್ಣು ಕೆಳಗೆ ಮಾಡಿದ. ಮಡಿಲಲ್ಲಿ ತೆರೆದಿದ್ದ ಫಾರಂ ಕಣ್ಣಿಗೆ ಬಿತ್ತು. ಅವನ ಏಳನೆಯ ವಾಚನದ ಪುಟವೇ ಅದು. ಯಾವ ಪದಕ್ಕೆ ಎಷ್ಟು ಒತ್ತು ಕೊಡಬೇಕು ಎಂದು ಅಂಚಿನಲ್ಲಿ ಅವನೇ ಪೆನ್ಸಿಲಿನಲ್ಲಿ ಹಾಕಿದ ಗೀಟುಗಳು ಇದ್ದವು. ದೇವರ ಮಾತು ಎಂದು ಬರುವಲ್ಲಿ ಮೂರು ಗೀಟು. ಅಲ್ಲಿ ಅವನು ಪ್ರತಿವರ್ಷ ಗುಡುಗುತ್ತಿದ್ದ. ಲೋಕವನ್ನೇ ಮಾಡಿದ ಮಾತು ಎಂದರೆ ಗುಡುಗಲೇಬೇಕಲ್ಲ ಎಂದು ಅವನ ಲೆಕ್ಕಾಚಾರ. ಈಗ ಆ ಗೀಟುಗಳನ್ನು ನೋಡುತ್ತ ಅವನಿಗೆ ಬೇರೆ ಏನೋ ಹೊಳೆಯಿತು. ಆ ಮಾತು ಬಂದದ್ದು ಮಗುವಾಗಿ. ಮಗುವಿಗೆ ಎಲ್ಲಿಯ ಮಾತು? ಎಲ್ಲರ ಬಾಯಿ ಮಾಡಿದವನು ಒಂದು ವರ್ಷ ಬರೀ ಅತ್ತುಕೊಂಡು ಮಲಗಿದ್ದ. ಆಮೇಲೆ ತಾಯಿ ಹೇಳಿಕೊಟ್ಟಳು: ನೀರು. ಅಮ್ಮ. ಸಾಕು. ಇನ್ನೊಂದು. ಅವನೂ ತಪ್ಪು ಹೇಳಿರಬೇಕು, ಮನೆಯವರು ನಕ್ಕಿರಬೇಕು. ನೀರು ಕೇಳಲು ಹೋಗಿ ಅವನು ಏನೇನು ಕೇಳಿದನೋ!

ಹತ್ತೊಂಬತ್ತು ವರ್ಷ ಓದಿದ್ದ ಮೈಕಣ್ಣ. ಒಂದು ಸಲವೂ ಇದು ತಲೆಗೆ ಹೋಗಿರಲಿಲ್ಲ. ಅವನಿಗೆ ತಡೆಯಲಾರದಷ್ಟು ನಗು ಬಂತು, ಅದರ ಜೊತೆಗೆ ಕಣ್ಣೂ ತುಂಬಿತು. ಬೀಗರು ಏನು ಎಂದು ಹುಬ್ಬೇರಿಸಿದರು. ಅವನು ಪುಟವನ್ನು ತೋರಿಸಿ, ಎರಡು ತೋಳು ಸೇರಿಸಿ ಮಗು ತೂಗುವ ಹಾಗೆ ಮಾಡಿ, ಮಗುವಿನ ಬಾಯಿ ತೋರಿಸಿ, ಇಲ್ಲ ಎಂದು ಕೈಯಾಡಿಸಿ, ಆಮೇಲೆ ತನ್ನ ಕಡ್ಡಿಬೆರಳುಗಳನ್ನು ತೋರಿಸಿಕೊಂಡ. ಬೀಗರು ಸ್ವಲ್ಪ ಹೊತ್ತು ಪುಟ ಓದಿದರು. ಇವನ ಮುಖ ನೋಡಿದರು. ಹೌದು, ಎಂದರು. ಹೌದು, ಹೌದು.

ಆಮೇಲೆ ಅವರು ತಮ್ಮದೊಂದು ಹೇಳಿದರು, ಬಹಳ ನಿಧಾನವಾಗಿ, ಇವನಿಗೆ ಗೊತ್ತಿದ್ದ ಪದಗಳನ್ನೇ ಆರಿಸಿಕೊಂಡು, ಉಳಿದದ್ದನ್ನು ಮೈಯಲ್ಲೇ ನಟಿಸಿ ತೋರಿಸಿ. ನಾನು ಐವತ್ತು ವರ್ಷ ಚರ್ಚಿಗೆ ಹೋಗಿದ್ದೇನೆ. ಬೆಂಚಿನಲ್ಲಿ ಕೂತಿದ್ದೇನೆ. ಎಲ್ಲರೂ ಎದ್ದರೆ ಎದ್ದಿದ್ದೇನೆ. ಏನು ಹೇಳುತ್ತಾರೆ, ಗೊತ್ತಿಲ್ಲ. ಮಗಳು ಚಿಕ್ಕವಳಿದ್ದಾಗ ಹೇಳುತ್ತಿದ್ದಳು, ಅವಳಿಗೆ ನಿದ್ದೆ ಬರುತ್ತಿತ್ತು. ಮನೆಗೆ ಹೋಗಿ ನಾನೇ ಓದಿಕೊಳ್ಳುತ್ತಿದ್ದೆ.

ಯಾಕೆ ಹೋಗುತ್ತಿದ್ದಿರಿ, ಎಂದು ಮೈಕಣ್ಣ ಹೇಗೋ ಕೇಳಿದ.

ಬೀಗರು ಯೋಚಿಸಿದರು. ಎಲ್ಲರೂ ಒಟ್ಟಿಗೆ ಇರುತ್ತಾರಲ್ಲ, ಎಂದರು. ಎಲ್ಲರ ಮುಖವೂ ಒಂದೇ ಕಡೆ ಇರುತ್ತದೆ. ನನಗೆ ಅದು ನೋಡಲು ಇಷ್ಟ.

ಆ ಸಂಜೆಯೇ ಮೈಕಣ್ಣ ಫಾದರ್ ಬಳಿ ಹೋದ. "ಫಾದರ್, ಈ ಸಲ ಏಳನೇ ವಾಚನ ನಾನು ಓದಲ್ಲ."

ಫಾದರ್ ಕನ್ನಡಕ ತೆಗೆದರು. "ಮೀಸೆ ಹೋಯ್ತು, ಈಗ ದನಿಯೂ ಹೋಯ್ತಾ?"

"ದನಿ ಇದೆ. ವಾಚನ ನಮ್ಮನೆಯವಳು ಓದ್ತಾಳೆ. ನಾನು ಮೆಟ್ಟಿಲು ಹತ್ತಲ್ಲ. ಕೆಳಗೆ, ಬೆಂಚಿನ ಮುಂದೆ ನಿಂತು ಕೈಯಲ್ಲಿ ಹೇಳ್ತೀನಿ. ಬೀಗರಿಗೆ."

"ನಿಮ್ಮ ಸೊಸೆ ಹೇಳಬಹುದಲ್ವಾ? ಅವಳಿಗೆ ಚೆನ್ನಾಗಿ ಬರುತ್ತೆ."

"ಉಳಿದ ಆರು ಅವಳು ಹೇಳ್ತಾಳೆ. ಆದ್ರೆ ಅವಳು ಹುಟ್ಟಿದಾಗಿನಿಂದ ಹೇಳ್ತಾನೇ ಇದಾಳೆ, ಫಾದರ್. ಒಂದು ಸಲ ಅವಳೂ ತಂದೆ ಪಕ್ಕ ಸುಮ್ಮನೆ ಕೂತು ನೋಡ್ಲಿ."

ಫಾದರ್ ಒಪ್ಪಿದರು. ಒಪ್ಪದಿದ್ದವಳು ಹೆಂಡತಿ. "ನನ್ನದು ಅಡುಗೆಮನೆ ಗಂಟಲು ರೀ. ನಡುಮನೆ ತನಕ ಬಂದ್ರೆ ಹೆಚ್ಚು. ಅಷ್ಟು ಜನರ ಮುಂದೆ ನಿಂತ್ರೆ ನನಗೆ ಅಕ್ಷರ ಕಾಣಲ್ಲ."

"ನೀನು ಅಡುಗೆಮನೆ ದನಿಯಲ್ಲೇ ಓದು. ಮೈಕು ಇರೋದು ಅದಕ್ಕೇನೇ."

ಹತ್ತು ದಿನ ಆ ಮನೆಯಲ್ಲಿ ತಾಲೀಮು ನಡೆಯಿತು. ಹೆಂಡತಿ ಪಾತ್ರೆ ತೊಳೆಯುತ್ತ ಓದಿಕೊಂಡಳು. ಮೈಕಣ್ಣ ಕನ್ನಡಿಯ ಮುಂದೆ ಕೈಯಾಡಿಸಿದ. ಬೀಗರು ಗೋಂದಿನ ಬಟ್ಟಲಲ್ಲಿ ಬ್ರಶ್ ಅದ್ದಿಕೊಂಡೇ ತಪ್ಪು ಹಿಡಿದರು. ಪುಸ್ತಕಕ್ಕೆ ಹೊಸ ರಟ್ಟು ಬಂತು, ಕಡು ಕೆಂಪು ಬಟ್ಟೆಯ ಹೊದಿಕೆ ಬಂತು. ಶನಿವಾರ ಮಧ್ಯಾಹ್ನ ಬೀಗರು ಅದನ್ನು ಮೇಜಿನ ನಡುವೆ ಇಟ್ಟು ತೆರೆದರು. ಅದು ಎಲ್ಲಿ ತೆರೆದರೂ ಸಮತಟ್ಟಾಗಿ ಮಲಗಿತು. ಮೈಕಣ್ಣನಿಗೆ ತಾನು ಅಂಟಿಸಿದ ಎರಡು ಹಾಳೆಗಳು ಎಲ್ಲಿವೆ ಎಂದು ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಭಾನುವಾರ ಸಂಜೆ ಚರ್ಚು ತುಂಬಿತ್ತು. ನಾಲ್ಕೂ ಮೇಣದಬತ್ತಿ ಉರಿಯುತ್ತಿದ್ದವು. ಬೀಗರ ಪಕ್ಕ ಹೊಸ ಮುಖಗಳು ನಾಲ್ಕು ಇದ್ದವು. ಅವರ ಊರಿನ ಗೆಳೆಯರು: ಒಬ್ಬ ಬೇಕರಿಯವನು, ಒಬ್ಬಳು ಟೈಲರ್, ಒಬ್ಬ ನಿವೃತ್ತ ಅಂಚೆಯವನು, ಅವನ ಹೆಂಡತಿ. ನಾಲ್ವರಿಗೂ ಕಿವಿ ಕೇಳಿಸುವುದಿಲ್ಲ. ಬೀಗರು ಯಾರಿಗೂ ಹೇಳದೆ ಅವರನ್ನು ಕರೆಸಿದ್ದರು. ಒಬ್ಬರ ಮುಂದೆ ಕೈಯಾಡಿಸಲು ತಯಾರಾಗಿದ್ದ ಮೈಕಣ್ಣ ಐವರನ್ನು ಕಂಡು, ಕೊನೆಯ ಸಾಲನ್ನು ಬೆನ್ನ ಹಿಂದೆ ಬೆರಳಿನಲ್ಲಿ ಇನ್ನೊಮ್ಮೆ ಹೇಳಿಕೊಂಡ.

ಆರು ವಾಚನಗಳು ಮುಗಿದವು. ಸೊಸೆ ಬಂದು ತಂದೆಯ ಪಕ್ಕ ಕೂತಳು. ಹೆಂಡತಿ ಮೆಟ್ಟಿಲು ಹತ್ತಿದಳು, ಮೈಕಿನ ಹತ್ತಿರ ಬಾಯಿ ತಂದಳು, ಮಕ್ಕಳನ್ನು ಎಬ್ಬಿಸುವಾಗಿನ ದನಿಯಲ್ಲಿ ಮೆಲ್ಲಗೆ ಓದತೊಡಗಿದಳು. ಜನ ಗುಡುಗಿಗಾಗಿ ಮೈ ಬಿಗಿಮಾಡಿ ಕೂತಿದ್ದವರು ಕಿವಿ ಮುಂದೆ ಮಾಡಿ ಬಾಗಿದರು. ಮೈಕಣ್ಣ ಕೆಳಗೆ, ನೆಲದ ಮೇಲೆ, ಬೆಂಚಿನಿಂದ ಎರಡೇ ಹೆಜ್ಜೆ ದೂರದಲ್ಲಿ ನಿಂತು ಕೈ ಎತ್ತಿದ.

ಮೊದಲು ಎಲ್ಲ ಸರಿಹೋಯಿತು. ಬೆಳಕು, ಕತ್ತಲು, ಲೋಕ, ಜನ. ಟೈಲರ್ ಹೆಂಗಸು ಪ್ರೋತ್ಸಾಹಕ್ಕೆ ತಲೆಯಾಡಿಸುತ್ತಿದ್ದಳು. ಕೊನೆಯ ಭಾಗ ಬಂತು. ದೇವರ ಮಾತು, ಎಂದ. ಮನುಷ್ಯನಾಯಿತು, ಎಂದ. ನಮ್ಮ ನಡುವೆ, ಎಂದ. ಇನ್ನು ಮನೆ ಮಾಡಿತು ಎನ್ನಬೇಕು. ಎರಡು ಅಂಗೈಗಳ ತುದಿ ಸೇರಿಸಿ ಎದೆಯ ಮುಂದೆ ಇಳಿಜಾರು ಛಾವಣಿಯ ಹಾಗೆ ಹಿಡಿದರೆ ಮನೆ. ಅವನು ಅಂಗೈ ಸೇರಿಸಿದ. ಗಾಬರಿಯಲ್ಲಿ ಕೈಗಳು ಎದೆಯಲ್ಲಿ ನಿಲ್ಲದೆ ಮೇಲೆ ಹೋಗಿ, ಕೆನ್ನೆಗೆ ತಾಗಿ, ತಲೆಯೂ ತಾನಾಗಿ ವಾಲಿತು.

ದೇವರ ಮಾತು ಮನುಷ್ಯನಾಗಿ ನಮ್ಮ ನಡುವೆ ನಿದ್ದೆ ಮಾಡಿತು.

ಅಂಚೆಯವನು ಮೊದಲು ನಕ್ಕ. ಕೇಳಿಸದವರ ನಗುವಿಗೆ ಅಳತೆಯ ಭಯವಿಲ್ಲ. ಅದು ಗಂಟಲು ಹರಿದು ಚರ್ಚಿನ ಛಾವಣಿಗೆ ಹೋಗಿ ಬಡಿಯಿತು. ಬೇಕರಿಯವನು ಬೆಂಚಿಗೆ ಹಣೆ ಹಚ್ಚಿದ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಲಿನಿಂದ ಗಂಡನನ್ನು ನೋಡಿದ ಹೆಂಡತಿಗೆ ಏನಾಯಿತೆಂದು ಕೂಡಲೇ ತಿಳಿದು, ಅವಳು ತಡೆಯಲು ನೋಡಿದ ನಗು ಮೈಕಿನೊಳಗೆ ಪುಸಕ್ಕೆಂದು ಹೋಗಿ ಇಡೀ ಚರ್ಚಿಗೆ ಕೇಳಿಸಿತು. ಯಾಕೆ ಎಂದು ತಿಳಿಯದ ಜನವೂ ನಗತೊಡಗಿದರು. ಮೈಕಣ್ಣ ಕೆನ್ನೆಯಿಂದ ಕೈ ತೆಗೆಯುವುದನ್ನೂ ಮರೆತು ನಿಂತಿದ್ದ.

ಬೀಗರು ಎದ್ದು ಬಂದರು. ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬೆಂಚಿನವರ ಕಡೆ ತಿರುಗಿ ದೊಡ್ಡದಾಗಿ ಕೈಯಾಡಿಸಿದರು. ಸೊಸೆ ಎದ್ದು ನಿಂತು, ನಗುವಿನ ನಡುವೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಮಾವ ಹೇಳಿದ್ದು ತಪ್ಪೇನಲ್ಲ ಅಂತಿದಾರೆ ಅಪ್ಪ. ಹುಟ್ಟಿದ ಮಗು ತಾನೇ. ಬಂದ ಕೂಡಲೇ ಇನ್ನೇನು ಮಾಡುತ್ತೆ, ನಿದ್ದೆನೇ ಮಾಡಿರುತ್ತೆ!"

ಫಾದರ್ ಆ ಸಂಜೆಗೆಂದು ಎರಡು ಹಾಳೆ ಪ್ರವಚನ ಬರೆದುಕೊಂಡಿದ್ದರು. ಎದ್ದು ನಿಂತು, ಹಾಳೆಗಳನ್ನು ನೋಡಿ, ಮಡಿಸಿ ಜೇಬಿಗೆ ಹಾಕಿಕೊಂಡರು. "ನಾನು ಹೇಳಬೇಕು ಅಂದುಕೊಂಡದ್ದನ್ನು ನಮ್ಮ ಬೈಂಡರ್ ಸಾಹೇಬರು ಹೇಳಿಬಿಟ್ಟರು" ಎಂದರು. "ಬನ್ನಿ, ಹಾಡೋಣ."

ಹಾಡು ಮುಗಿದ ಮೇಲೆ ಪಕ್ಕದ ಸಭಾಂಗಣದಲ್ಲಿ ಚಹಾ ಇತ್ತು. ಜನ ಹೆಂಡತಿಯ ಸುತ್ತ ಸೇರಿದರು. "ಅಕ್ಕ, ಅದು ನಮ್ಮನೆ ಕಥೆ ಅನ್ನೋ ಹಾಗೆ ಓದಿದ್ರಿ" ಎಂದಳು ಒಬ್ಬಳು. ಅವಳು ನಾಚಿ ಸೆರಗಿನ ತುದಿ ಸುತ್ತುತ್ತಿದ್ದಳು. ಮೈಕಣ್ಣನಿಗೆ ಯಾರೂ ಮೈ ಜುಮ್ಮೆಂದಿತು ಎನ್ನಲಿಲ್ಲ. ಅವನ ಬೆನ್ನು ತಟ್ಟಿ, ಕೆನ್ನೆಗೆ ಕೈ ಹಚ್ಚಿ ತೋರಿಸಿ, ನಕ್ಕು ಮುಂದೆ ಹೋದರು. ಅವನಿಗೆ ಅದು ಎಷ್ಟು ಹಗುರ ಎನ್ನಿಸಿತೆಂದರೆ, ಹೆಗಲ ಮೇಲಿನ ಯಾವುದೋ ಮೂಟೆಯನ್ನು ಎಲ್ಲೋ ಮರೆತು ಬಂದೆನೇನೋ ಎಂದು ಒಮ್ಮೆ ಸುತ್ತ ನೋಡಿದ.

ಬೀಗರ ಗೆಳೆಯರು ಅವನನ್ನು ಸಭಾಂಗಣದ ಮೂಲೆಗೆ ಎಳೆದುಕೊಂಡು ಹೋಗಿ ನಡುವೆ ನಿಲ್ಲಿಸಿಕೊಂಡರು. ನಾಲ್ವರೂ ಒಟ್ಟಿಗೆ ಮಾತಾಡತೊಡಗಿದರು. ಎಂಟು ಕೈಗಳು ಹಾರಾಡಿದವು. ಹತ್ತರಲ್ಲಿ ಒಂದೂ ಅವನಿಗೆ ಹಿಡಿಯಲು ಸಿಗಲಿಲ್ಲ. ಅವನು ಕಣ್ಣರಳಿಸಿಕೊಂಡು ನಿಂತದ್ದನ್ನು ಕಂಡು ಬೀಗರು ಏನೋ ಹೇಳಿದರು. ಕೂಡಲೇ ಎಲ್ಲರ ಕೈಗಳೂ ಇಳಿದು ನಿಧಾನವಾದವು. ಟೈಲರ್ ತನ್ನ ಮಾತನ್ನು ಮೂರು ತುಂಡು ಮಾಡಿ ಹೇಳಿದಳು. ಅಂಚೆಯವನು ಬೆರಳು ಬಿಡಿಸಿ ತೋರಿಸಿದ. ಆ ಚುರುಕು ಜನರೆಲ್ಲ ಅವನೊಬ್ಬನಿಗಾಗಿ ಮಕ್ಕಳ ಮಾತು ಆಡತೊಡಗಿದರು.

ಆಗ ಅವನಿಗೆ ತಿಳಿಯಿತು. ಈ ನಾಲ್ಕು ವಾರ ತಾನು ಮೆಟ್ಟಿಲಿಳಿದು ಬೀಗರ ಹತ್ತಿರಕ್ಕೆ ಬಂದೆ ಎಂದುಕೊಂಡಿದ್ದ. ಫಾದರಿಗೂ ಹೆಚ್ಚುಕಡಿಮೆ ಹಾಗೆಯೇ ಹೇಳಿದ್ದ. ಇಳಿದು ಬಂದವರು ಬೀಗರು. ದಿನಾ ಬೆಳಗ್ಗೆ ಆ ಮೇಜಿನ ಮುಂದೆ ಕೂತು, ತಮಗಿದ್ದ ಎಷ್ಟೋ ಮಾತುಗಳನ್ನು ಬದಿಗಿಟ್ಟು, ಇವನಿಗೆ ಬರುವ ಇಪ್ಪತ್ತು ಪದಗಳೊಳಗೆ ಬಂದು ಕೂತಿದ್ದರು. ಒಂದು ದಿನವೂ ಅದನ್ನು ತೋರಿಸಿಕೊಂಡಿರಲಿಲ್ಲ.

ಅವನು ಬೀಗರ ಕೈ ಹಿಡಿದುಕೊಂಡ. ತನಗಾಗಿ ಇಳಿದು ಬಂದದ್ದಕ್ಕೆ ಕೃತಜ್ಞತೆ ಹೇಳಲು ಪದ ತಿಳಿದಿರಲಿಲ್ಲ, ಆದರೆ ಈ ಸಲ ನಾಚಿಕೆಯಾಗಲಿಲ್ಲ. ಬೀಗರನ್ನು ತೋರಿಸಿ ತನ್ನ ಎದೆ ಮುಟ್ಟಿಕೊಂಡು, ಇದಕ್ಕೆ ಏನನ್ನಬೇಕು, ಎಂದು ಟೈಲರನ್ನೇ ಕೇಳಿದ. ಅವಳು ತೋರಿಸಿದಳು. ಅವನು ಮಾಡಿದ. ಹೆಬ್ಬೆರಳು ಹೊರಗಿರಲಿ, ಎಂದು ಬೇಕರಿಯವನು ತಿದ್ದಿದ. ಇನ್ನೊಮ್ಮೆ ಮಾಡಿದ. ಅಂಚೆಯವನ ಹೆಂಡತಿ ತನ್ನ ಚಹಾದ ಲೋಟ ಕಿಟಕಿಯ ಮೇಲಿಟ್ಟು, ಅವನ ಬೆರಳುಗಳನ್ನು ಹಿಡಿದು ಒಂದೊಂದಾಗಿ ಸರಿಯಾದ ಜಾಗಕ್ಕೆ ತಂದಳು. ಬೀಗರು ತೋಳು ಕಟ್ಟಿ, ಅವಸರವೇನೂ ಇಲ್ಲವೆಂಬಂತೆ ಗೋಡೆಗೆ ಒರಗಿ ನಿಂತು ಕಾಯುತ್ತಿದ್ದರು.